ಮಲೆನಾಡಿನ ಮನೆಗೆ ವೈಫೈ ರೌಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಒಂಟಿಮನೆಗಳಿಗೂ ಈಗ ಫೈಬರ್ ಬರುತ್ತಿದೆ. ಆದರೆ ರೌಟರ್ ಡಬ್ಬಿಯಲ್ಲಿ ಬರುವ ಪುಸ್ತಕದಲ್ಲಿ ಸಿಡಿಲಿನ ಮಾತಿಲ್ಲ, ಮಂಗಗಳ ಮಾತಿಲ್ಲ, ಎರಡಡಿ ದಪ್ಪದ ಮಣ್ಣಿನ ಗೋಡೆಯ ಮಾತೂ ಇಲ್ಲ. ನಮ್ಮ ಕಡೆ ರೌಟರ್ ಕೈಕೊಡುವುದು ಬಹುಪಾಲು ಇಂಥವುಗಳಿಂದಲೇ. ಸೆಟ್ಟಿಂಗ್ ಅನ್ನುವುದು ಒಂದು ಸಲ ಸರಿಯಾಗಿ ಮಾಡಿ ಬಿಟ್ಟುಬಿಡುವ ಕೆಲಸ. ಕರೆಂಟು, ವೈರು, ಇಡುವ ಜಾಗ ಇವು ಮೂರನ್ನು ಮಾತ್ರ ವರ್ಷವಿಡೀ ನೋಡಿಕೊಳ್ಳಬೇಕು.

ಗೋಡೆಗೆ ಒಂದು ಬಿಳಿ ಪೆಟ್ಟಿಗೆ ಹೊಡೆದು ಹೋಗಿದ್ದಾರೆ. ಅದೇ ರೌಟರಾ?

ಅದನ್ನು ಒಎನ್‌ಟಿ ಅನ್ನುತ್ತಾರೆ. ಗಾಜಿನ ಎಳೆಯಲ್ಲಿ ಬೆಳಕಾಗಿ ಬರುವ ಸಿಗ್ನಲ್ಲನ್ನು ವಿದ್ಯುತ್ ಸಿಗ್ನಲ್ ಮಾಡುವುದು ಅದರ ಕೆಲಸ. ಈಗಿನ ಒಎನ್‌ಟಿಗಳಲ್ಲಿ ರೌಟರ್ ಕೂಡ ಒಳಗೇ ಇರುತ್ತದೆ, ಹಾಗಾಗಿ ಪೆಟ್ಟಿಗೆ ಒಂದೇ. ಕೆಲವು ಕಡೆ ಒಎನ್‌ಟಿ ಬೇರೆ, ವೈಫೈ ರೌಟರ್ ಬೇರೆ ಇರುತ್ತವೆ. ಎರಡಿದ್ದರೆ ಎರಡಕ್ಕೂ ಕರೆಂಟ್ ಬೇಕು. ಮುಂದೆ ಬ್ಯಾಟರಿ ವಿಷಯ ಬಂದಾಗ ಇದು ನೆನಪಿರಲಿ.

ನೆಟ್ ಹೋಗಿದೆ. ಮೊದಲು ಏನು ನೋಡಬೇಕು?

ದೀಪ ನೋಡಿ. ಪಾನ್ (PON) ಅಂತ ಬರೆದಿರುವ ದೀಪ ಹಸಿರಾಗಿ ಸುಮ್ನೆ ನಿಂತಿದ್ದರೆ ಫೈಬರ್ ಸರಿ ಇದೆ. ಎಲ್‌ಒಎಸ್ (LOS) ಅನ್ನುವ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕು ನಿಮ್ಮ ಮನೆಗೆ ಬರುತ್ತಿಲ್ಲ ಎಂದರ್ಥ. ಆಗ ರೌಟರನ್ನು ಎಷ್ಟು ಸಲ ಆಫ್ ಆನ್ ಮಾಡಿದರೂ ಪ್ರಯೋಜನವಿಲ್ಲ. ದಾರಿಯಲ್ಲಿ ಎಲ್ಲೋ ಮರ ಬಿದ್ದಿರುತ್ತದೆ, ಅಡಿಕೆ ಸೋಗೆ ಬಿದ್ದು ಕೇಬಲ್ ಜಗ್ಗಿರುತ್ತದೆ, ಅಥವಾ ಮಂಗಗಳು ಜೋತಾಡಿರುತ್ತವೆ. ಇಲಿ ಕಡಿಯುವುದೂ ಇದೆ.

ಹಾಗಂತ ಲೈನ್‌ಮ್ಯಾನ್‌ಗೆ ಫೋನ್ ಮಾಡುವ ಮೊದಲು ಮನೆಯೊಳಗಿನ ಹಳದಿ ಅಥವಾ ಬಿಳಿ ತೆಳ್ಳನೆ ವೈರನ್ನು ಒಮ್ಮೆ ನೋಡಿ. ಯಾರಾದರೂ ಕುರ್ಚಿ ಒತ್ತಿದ್ದಾರೆಯೇ, ಮೊಳೆಗೆ ಬಿಗಿಯಾಗಿ ಸುತ್ತಿದ್ದಾರೆಯೇ? ಫೈಬರ್ ಒಳಗಿರುವುದು ಗಾಜು. ಚೂಪಾಗಿ ಬಗ್ಗಿಸಿದರೆ ಬೆಳಕು ಆ ತಿರುವಿನಲ್ಲೇ ಸೋರಿಹೋಗುತ್ತದೆ. ವೈರ್ ತುಂಡಾಗಿರಬೇಕೆಂದೇನಿಲ್ಲ. ಸುರುಳಿ ಸುತ್ತುವುದಾದರೆ ಅಂಗೈ ಅಗಲಕ್ಕೆ ಸುತ್ತಿ.

ಇನ್ನೊಂದು ಮಾತು. ಬಿಚ್ಚಿದ ಫೈಬರ್ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಅದರಲ್ಲಿ ಬರುವುದು ಕಣ್ಣಿಗೆ ಕಾಣದ ಲೇಸರ್ ಬೆಳಕು.

ಎರಡೂ ದೀಪ ಸರಿ ಇದ್ದೂ ನೆಟ್ ಇಲ್ಲದಿದ್ದರೆ ಆಗ ಸ್ವಿಚ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಪೂರ್ತಿ ಎದ್ದು ಕೂರಲು ಅದಕ್ಕೆ ಎರಡು ಮೂರು ನಿಮಿಷ ಬೇಕು. ಅಷ್ಟರಲ್ಲಿ ಮತ್ತೆ ಮತ್ತೆ ಸ್ವಿಚ್ ಒತ್ತಬೇಡಿ.

ರೌಟರ್ ಎಲ್ಲಿ ಇಡಬೇಕು? ನಮ್ಮದು ಹಳೇ ಹಂಚಿನ ಮನೆ.

ಕೇಬಲ್ ಎಳೆಯಲು ಬಂದವರು ಕಿಟಕಿ ಪಕ್ಕದ ಮೊದಲ ಗೋಡೆಗೇ ರೌಟರ್ ಹೊಡೆದು ಹೋಗುತ್ತಾರೆ. ಅವರಿಗೆ ಅದು ಸುಲಭ. ಆ ಹೊತ್ತಿಗೆ ಒಂದು ಮಾತು ಹೇಳಿ, ಇನ್ನು ಹತ್ತು ಮೀಟರ್ ವೈರ್ ಒಳಗೆ ತರಿಸಿಕೊಳ್ಳಿ. ಆಮೇಲೆ ಮಾಡುವ ಎಷ್ಟೋ ಖರ್ಚು ಅಲ್ಲೇ ಉಳಿಯುತ್ತದೆ.

ಮಣ್ಣಿನ ಗೋಡೆ ಮತ್ತು ಜಂಬಿಟ್ಟಿಗೆ ಗೋಡೆ ವೈಫೈಗೆ ದೊಡ್ಡ ಅಡ್ಡಿ. ದಪ್ಪವೂ ಹೌದು, ಮಳೆಗಾಲದಲ್ಲಿ ನೀರು ಹೀರಿಕೊಳ್ಳುವುದೂ ಹೌದು. ರೇಡಿಯೋ ಅಲೆಯನ್ನು ನೀರು ಚೆನ್ನಾಗಿ ನುಂಗುತ್ತದೆ. ಬೇಸಿಗೆಯಲ್ಲಿ ಅಡುಗೆಮನೆ ತನಕ ಸಿಗುತ್ತಿದ್ದ ವೈಫೈ ಆಷಾಢದಲ್ಲಿ ನಡುಮನೆಯಲ್ಲೇ ಸೊರಗಿದರೆ ಒದ್ದೆ ಗೋಡೆಯ ಮೇಲೂ ಅನುಮಾನ ಪಡಿ. ಹಾಗಾಗಿ ರೌಟರನ್ನು ಮನೆಯ ನಡುವೆ, ಬಾಗಿಲುಗಳು ಒಂದೇ ಸಾಲಿಗೆ ಬರುವ ಕಡೆ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಇಡಿ. ನಮ್ಮ ಹಳೆಯ ಮನೆಗಳಲ್ಲಿ ಜಗಲಿಯಿಂದ ಹಿತ್ತಿಲ ತನಕ ಬಾಗಿಲುಗಳು ನೇರಕ್ಕೆ ಇರುತ್ತವೆ ಅಲ್ವಾ? ಸಿಗ್ನಲ್‌ಗೂ ಅದೇ ಒಳ್ಳೆಯ ದಾರಿ.

ಎಲ್ಲಿ ಇಡಬಾರದು: ಗಾಡ್ರೇಜ್ ಬೀರು ಹಿಂದೆ, ದೊಡ್ಡ ಕನ್ನಡಿ ಪಕ್ಕ, ಫ್ರಿಜ್ ಮೇಲೆ, ಬಚ್ಚಲಿನ ಗೋಡೆಗೆ, ಅಡಿಕೆ ಬೇಯಿಸುವ ಒಲೆಯ ಹೊಗೆ ಬರುವ ಅಟ್ಟದಲ್ಲಿ. ಲೋಹ ಸಿಗ್ನಲ್ಲನ್ನು ತಡೆಯುತ್ತದೆ. ಮಸಿ ಮತ್ತು ಹಬೆ ಪೆಟ್ಟಿಗೆಯೊಳಗೆ ಹೋಗಿ ಕೂರುತ್ತವೆ. ಧೂಳು ಬೀಳದಿರಲಿ ಎಂದು ಕಸೂತಿ ಬಟ್ಟೆ ಹೊದಿಸುವವರೂ ಇದ್ದಾರೆ. ಚಂದ ಕಾಣುತ್ತದೆ, ಆದರೆ ರೌಟರ್ ಬೆಂದುಹೋಗುತ್ತದೆ. ದಯವಿಟ್ಟು ತೆಗೆಯಿರಿ.

ಎರಡು ಹೆಸರು ಕಾಣುತ್ತವೆ. ಒಂದರ ಕೊನೆಗೆ 5ಜಿ ಅಂತ ಇದೆ. ಅದು ಮೊಬೈಲಿನ 5ಜಿನಾ?

ಅಲ್ಲ. ಅದು 5 ಗಿಗಾಹರ್ಟ್ಸ್ ಅಲೆ. ಇನ್ನೊಂದು 2.4 ಗಿಗಾಹರ್ಟ್ಸ್. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. 2.4ರದ್ದು ವೇಗ ಕಡಿಮೆ, ದೂರ ಹೋಗುತ್ತದೆ. ರೌಟರ್ ಇರುವ ಕೋಣೆಯ ಟಿವಿ, ಲ್ಯಾಪ್‌ಟಾಪ್‌ಗೆ 5 ಕೊಡಿ. ಜಗಲಿಯಲ್ಲಿ ಕೂರುವವರ ಫೋನಿಗೆ, ಕ್ಯಾಮೆರಾಗೆ 2.4 ಸಾಕು. ಅಗ್ಗದ ಕ್ಯಾಮೆರಾ ಮತ್ತು ಸ್ಮಾರ್ಟ್ ಪ್ಲಗ್‌ಗಳಲ್ಲಿ ಬಹಳಷ್ಟಕ್ಕೆ 2.4 ಬಿಟ್ಟು ಬೇರೆ ಗೊತ್ತೇ ಇಲ್ಲ.

ಚಾನೆಲ್ ಬದಲಾಯಿಸಿದರೆ ವೇಗ ಬರುತ್ತದೆ ಅಂತಾರೆ, ನಿಜವಾ?

ಚಾನೆಲ್ ಅಂದರೆ ಆ ಅಲೆಯೊಳಗಿನ ಒಂದೊಂದು ದಾರಿ. ಶಿವಮೊಗ್ಗದ ವಿನೋಬನಗರ, ಗೋಪಾಳದಂಥ ಒತ್ತೊತ್ತಾಗಿ ಮನೆ ಇರುವ ಬಡಾವಣೆಯಲ್ಲಿ ನಿಜ. ಅಲ್ಲಿ 2.4ರಲ್ಲಿ 1, 6, 11 ಈ ಮೂರರಲ್ಲಿ ಯಾವುದು ಖಾಲಿ ಇದೆಯೋ ಅದನ್ನು ಹಾಕಿ, ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ. ಪಕ್ಕದ ಮನೆ ಅರ್ಧ ಕಿಲೋಮೀಟರ್ ಆಚೆ ಇರುವವರು ಇದರ ತಂಟೆಗೇ ಹೋಗಬೇಕಿಲ್ಲ.

ಮಹಡಿಗೆ, ಕೊಟ್ಟಿಗೆಗೆ, ತೋಟದ ಮನೆಗೆ ಸಿಗ್ನಲ್ ಮುಟ್ಟಿಸುವುದು ಹೇಗೆ?

ಅಂಗಡಿಯವರು ಮೊದಲು ತೋರಿಸುವುದು ಗೋಡೆ ಪ್ಲಗ್ಗಿಗೆ ಸಿಕ್ಕಿಸುವ ರಿಪೀಟರ್. ಅದು ಕೇಳಿದ್ದನ್ನೇ ಮತ್ತೆ ಹೇಳುವ ಯಂತ್ರ, ಹಾಗಾಗಿ ಸಾಮಾನ್ಯವಾಗಿ ವೇಗ ಅರ್ಧಕ್ಕೆ ಇಳಿಯುತ್ತದೆ. ಸಿಗ್ನಲ್ ಇಲ್ಲದ ಕೋಣೆಯಲ್ಲಿ ಅದನ್ನು ಸಿಕ್ಕಿಸಿ, ‘ಏನೂ ಉಪಯೋಗ ಇಲ್ಲ’ ಅನ್ನುವವರೇ ಜಾಸ್ತಿ. ಅದನ್ನು ಇಡಬೇಕಾದದ್ದು ನಡುದಾರಿಯಲ್ಲಿ, ಸಿಗ್ನಲ್ ಇನ್ನೂ ಚೆನ್ನಾಗಿರುವ ಕಡೆ.

ನನ್ನ ಕೇಳಿದರೆ, ಒಂದೇ ಸೂರಿನೊಳಗೆ ಲ್ಯಾನ್ ಕೇಬಲ್ (ರೌಟರಿಗೆ ಚುಚ್ಚುವ ತಾಮ್ರದ ನೆಟ್ ವೈರ್) ಎಳೆದು ಆ ತುದಿಗೆ ಇನ್ನೊಂದು ರೌಟರ್ ಇಡುವುದಕ್ಕೆ ಸಮ ಯಾವುದೂ ಇಲ್ಲ. ಮೂಲೆಗೆ ಬಿದ್ದ ಹಳೆಯ ರೌಟರ್ ಸಾಕು. ಅದರ ವಿಳಾಸ 192.168.1.2 ಎಂದು ಬದಲಿಸಿ (ಮುಖ್ಯ ರೌಟರ್ 192.168.1.1 ಆಗಿದ್ದರೆ), ಡಿಎಚ್‌ಸಿಪಿ (ಫೋನುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲ್ಲನ್ನು ಅದರ ವ್ಯಾನ್ (ಹೊರಗಿನ ನೆಟ್ ಬರುವ) ಕಿಂಡಿಗಲ್ಲ, ಲ್ಯಾನ್ ಕಿಂಡಿಗೆ ಚುಚ್ಚಿ. ವೈಫೈ ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇಟ್ಟರೆ ಫೋನು ತಾನೇ ಬದಲಿಸಿಕೊಳ್ಳುತ್ತದೆ. ಹಣ ಖರ್ಚು ಮಾಡಲು ತೊಂದರೆ ಇಲ್ಲದವರು ಮೆಶ್ (ಒಂದೇ ವೈಫೈಯನ್ನು ಹರಡುವ ಎರಡು ಮೂರು ಪೆಟ್ಟಿಗೆಗಳ ಜೋಡಿ) ಕೊಳ್ಳಬಹುದು. ಆದರೆ ಎರಡಡಿ ಗೋಡೆ ಮೆಶ್‌ನ ಪೆಟ್ಟಿಗೆಗಳಿಗೂ ಎರಡಡಿ ಗೋಡೆಯೇ. ಅವನ್ನೂ ಕೇಬಲ್ಲಿಂದ ಜೋಡಿಸಿದರೇ ಒಳ್ಳೆಯದು.

ಮನೆಯಿಂದ ಹೊರಗೆ, ಅಂಗಳ ದಾಟಿ ಕೊಟ್ಟಿಗೆಗೋ ಅಡಿಕೆ ಗೋದಾಮಿಗೋ ಹೋಗಬೇಕೆಂದರೆ ಮಾತ್ರ ಲ್ಯಾನ್ ಕೇಬಲ್ ಬೇಡ. 100 ಮೀಟರ್ ಮಿತಿ ಒಂದು ಕಾರಣ. ದೊಡ್ಡ ಕಾರಣ ಸಿಡಿಲು. ಬಯಲಲ್ಲಿ ಎಳೆದ ತಾಮ್ರದ ಕೇಬಲ್ ಸಿಡಿಲಿನ ವಿದ್ಯುತ್ತನ್ನು ಎರಡೂ ಕಟ್ಟಡಗಳೊಳಗೆ ತರುತ್ತದೆ. ಅಲ್ಲಿಗೆ ಲೋಹದ ತಂತಿ ಇಲ್ಲದ ಫೈಬರ್ ಎಳೆದು ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ಲ್ಯಾನ್ ಸಿಗ್ನಲ್ಲಿಗೆ ಬದಲಿಸುವ ಪೆಟ್ಟಿಗೆ) ಇಡಿ.

ಹೊಸ ರೌಟರಿನಲ್ಲಿ ಯಾವ ಸೆಟ್ಟಿಂಗ್ ಬದಲಿಸಲೇಬೇಕು?

ಫೋನನ್ನು ಆ ವೈಫೈಗೆ ಜೋಡಿಸಿ, ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಟೈಪ್ ಮಾಡಿ. ಸರಿಯಾದ ವಿಳಾಸ, ಯೂಸರ್ ನೇಮ್, ಪಾಸ್‌ವರ್ಡ್ ರೌಟರಿನ ತಳದ ಚೀಟಿಯಲ್ಲಿರುತ್ತವೆ. ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ.

ಒಳಗೆ ಹೋದ ಮೇಲೆ ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ರೌಟರಿನೊಳಗೆ ಹೋಗುವ ಕೀಲಿ. ಜನ ವೈಫೈ ಪಾಸ್‌ವರ್ಡ್ ಮಾತ್ರ ಬದಲಿಸಿ ಇದನ್ನು ಹಾಗೇ ಬಿಡುತ್ತಾರೆ. ಆಮೇಲೆ ವೈಫೈ ಭದ್ರತೆಯಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ. ಡಬ್ಲ್ಯುಪಿಎ3 ಬಂದದ್ದು 2018ರಲ್ಲಿ, ಅದಕ್ಕಿಂತ ಹಳೆಯ ಫೋನುಗಳು ಅದರ ಮೇಲೆ ಸೇರದಿರಬಹುದು. ಎರಡೂ ಸೇರಿದ ಆಯ್ಕೆ ಇದ್ದರೆ ಅದನ್ನೇ ಹಾಕಿ. ಡಬ್ಲ್ಯುಇಪಿ ಎಂಬ ಹಳೆಯ, ದುರ್ಬಲ ಬೀಗ ಕಂಡರೆ ಮುಟ್ಟಲೇಬೇಡಿ.

ಪಾಸ್‌ವರ್ಡ್ ಇಲ್ಲದೆ ಗುಂಡಿ ಒತ್ತಿ ಅಥವಾ ಪಿನ್ ಹಾಕಿ ಜೋಡಿಸುವ ಡಬ್ಲ್ಯುಪಿಎಸ್ ಆಫ್ ಮಾಡಿ. ಎಂಟಂಕಿಯ ಆ ಪಿನ್ ವ್ಯವಸ್ಥೆಯನ್ನು ಮುರಿಯಬಹುದು ಎಂದು 2011ರಲ್ಲೇ ಬಯಲಾಗಿದೆ. ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ರೌಟರಿನ ಸೆಟ್ಟಿಂಗ್ ಬದಲಿಸುವ ಸೌಲಭ್ಯ) ಇದ್ದರೆ ಅದನ್ನೂ ಆಫ್ ಮಾಡಿ. ಕಂಪನಿಯವರೇ ಕೊಟ್ಟ ಒಎನ್‌ಟಿಯಲ್ಲಿ ಅವರ ಉಪಯೋಗಕ್ಕೆ ಕೆಲವು ಬಾಗಿಲು ಇರುತ್ತವೆ, ಅವನ್ನು ಕೆಣಕಬೇಡಿ. ವೈಫೈ ಹೆಸರನ್ನು ಅಡಗಿಸಿಡುವುದರಿಂದ ಮಾತ್ರ ಏನೂ ಲಾಭವಿಲ್ಲ. ಹುಡುಕುವವರಿಗೆ ಅದು ಕಾಣುತ್ತದೆ, ಮನೆಯವರಿಗೇ ಕಷ್ಟ.

ಪಾಸ್‌ವರ್ಡ್‌ಗೆ ಫೋನ್ ನಂಬರು, ಮಗುವಿನ ಹೆಸರು, ಮನೆ ಹೆಸರು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ಮೂರ್ನಾಲ್ಕು ಪದ ಸೇರಿಸಿ. ಕೊಟ್ಟೆಕಡುಬು, ಟಾರ್ಚು, ಬಸ್‌ಸ್ಟ್ಯಾಂಡು, ಕಂಬಳಿ ಥರ. ಅಜ್ಜಿಗೂ ನೆನಪಿರುತ್ತದೆ, ಊಹಿಸಲೂ ಕಷ್ಟ. ಇದನ್ನೇ ಹಾಕಬೇಡಿ ಮತ್ತೆ.

ನೆಂಟರು, ಕೊನೆ ಕೊಯ್ಯಲು ಬಂದವರು ಎಲ್ಲರೂ ಪಾಸ್‌ವರ್ಡ್ ಕೇಳುತ್ತಾರೆ. ಇಲ್ಲ ಅನ್ನುವುದು ಹೇಗೆ?

ಇಲ್ಲ ಅನ್ನಬೇಡಿ. ಎಷ್ಟೋ ತೋಟಗಳಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಅವರಿಗೂ ಮನೆಗೆ ಮಾತಾಡಬೇಕಲ್ಲ. ರೌಟರಿನಲ್ಲಿ ಗೆಸ್ಟ್ ನೆಟ್‌ವರ್ಕ್ ಎಂಬ ಆಯ್ಕೆ ಇರುತ್ತದೆ. ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಟ್ಟು ಅದನ್ನು ಆನ್ ಮಾಡಿ. ಅದರಲ್ಲಿ ಬಂದವರಿಗೆ ನೆಟ್ ಸಿಗುತ್ತದೆ, ನಿಮ್ಮ ಕಂಪ್ಯೂಟರು, ಕ್ಯಾಮೆರಾ ಕಾಣುವುದಿಲ್ಲ. ಮದುವೆ, ಗೃಹಪ್ರವೇಶ ಮುಗಿದ ಮೇಲೆ ಆ ಪಾಸ್‌ವರ್ಡ್ ಬದಲಿಸಿದರಾಯಿತು.

ಪಕ್ಕದ ಮನೆಗೆ ಖಾಯಂ ಆಗಿ ಹಂಚುವ ಮೊದಲು ಯೋಚಿಸಿ. ಕನೆಕ್ಷನ್ ನಿಮ್ಮ ಹೆಸರಲ್ಲಿದೆ. ಅದರಿಂದ ಯಾರು ಏನು ಮಾಡಿದರೂ ಮೊದಲು ಕೇಳುವುದು ನಿಮ್ಮನ್ನೇ.

ಪಾಸ್‌ವರ್ಡ್ ಮರೆತಿದೆ. ಹಿಂದೆ ಇರುವ ಸಣ್ಣ ತೂತಿಗೆ ಪಿನ್ ಚುಚ್ಚಲಾ?

ತಡೆಯಿರಿ. ಆಫ್ ಆನ್ ಮಾಡುವುದು ಬೇರೆ, ಆ ತೂತಿನ ರೀಸೆಟ್ ಬೇರೆ. ರೀಸೆಟ್ ಮಾಡಿದರೆ ನೆಟ್ ಜೋಡಿಸಲು ಕಂಪನಿಯವರು ತುಂಬಿಟ್ಟ ಪಿಪಿಪಿಒಇ ಯೂಸರ್ ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಎಲ್ಲ ಅಳಿಸಿಹೋಗಬಹುದು. ಆಮೇಲೆ ಅವರು ಬಂದು ತುಂಬುವ ತನಕ ನೆಟ್ ಇಲ್ಲ. ಮೊದಲು ಈಗಾಗಲೇ ವೈಫೈ ಇರುವ ಯಾರದಾದರೂ ಫೋನ್ ತೆಗೆದುಕೊಳ್ಳಿ. ಸೆಟ್ಟಿಂಗಿನಲ್ಲಿ ಆ ವೈಫೈಯ ಕ್ಯೂಆರ್ ಕೋಡ್ ತೋರಿಸುವ ಸೌಲಭ್ಯ ಇರುತ್ತದೆ. ಕೆಲವು ಫೋನಿನಲ್ಲಿ ಅದರ ಕೆಳಗೇ ಪಾಸ್‌ವರ್ಡ್ ಬರೆದಿರುತ್ತದೆ. ರೀಸೆಟ್ ಕೊನೆಯ ದಾರಿ. ಮಾಡಲೇಬೇಕಾದರೆ ಆ ವಿವರಗಳನ್ನು ಮೊದಲೇ ಫೋನ್ ಮಾಡಿ ಕೇಳಿ ಬರೆದಿಟ್ಟುಕೊಳ್ಳಿ.

ಗುಡುಗು ಬಂದಾಗ ಏನು ಮಾಡಬೇಕು?

ಜನ ಜುಲೈ ಮಳೆಗೆ ಹೆದರುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುವ ಮಳೆಯಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗಿನದು. ಆದರೆ ರೌಟರ್ ಸುಡುವ ಕಾಲ ಅದಲ್ಲ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆ, ಮತ್ತೆ ಅಕ್ಟೋಬರ್ ಸುಮಾರಿನದು, ಇವೇ ಅಪಾಯ.

ಸಿಡಿಲು ನಿಮ್ಮ ಮನೆಗೇ ಬಡಿಯಬೇಕೆಂದಿಲ್ಲ. ದೂರದ ಕಂಬದ ಹತ್ತಿರ ಬಿದ್ದರೂ ಕರೆಂಟ್ ತಂತಿಯಲ್ಲಿ ವೋಲ್ಟೇಜ್ ಏರಿ ಅಡಾಪ್ಟರ್ ಮೂಲಕ ರೌಟರಿಗೆ ಬರುತ್ತದೆ. ‘ನಮ್ಮದು ಫೈಬರ್, ಸಿಡಿಲು ಬರಲ್ಲ’ ಅನ್ನುವವರಿದ್ದಾರೆ. ಗಾಜಿನಲ್ಲಿ ವಿದ್ಯುತ್ ಹರಿಯದು, ಸರಿ. ಆದರೆ ಕಂಬದಿಂದ ಮನೆಗೆ ಬರುವ ಕರಿ ಕೇಬಲ್ಲಿನಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುವುದುಂಟು. ಆ ತಂತಿಯನ್ನು ಹೊರಗಿನ ಕೊಕ್ಕೆಯಲ್ಲೇ ಕಟ್ಟಿ ನಿಲ್ಲಿಸಬೇಕು. ಗಾಜಿನ ಎಳೆ ಮಾತ್ರ ಒಳಗೆ ಬರಬೇಕು. ಕೇಬಲ್ ಎಳೆಯುವಾಗಲೇ ಇದನ್ನು ಹೇಳಿ ಮಾಡಿಸಿ.

ಗುಡುಗು ಕೇಳಿದ ಕೂಡಲೇ ಸ್ವಿಚ್ ಆಫ್ ಮಾಡಿದರೆ ಸಾಲದು, ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತು ಹೊರಗಿಡಿ. ಸ್ವಿಚ್ಚಿನೊಳಗಿನ ಸಣ್ಣ ಅಂತರ ಸಿಡಿಲಿಗೆ ಲೆಕ್ಕಕ್ಕಿಲ್ಲ. ಟಿವಿ, ಕಂಪ್ಯೂಟರು, ಸಿಸಿಟಿವಿ ಡಬ್ಬಿಯಿಂದ ರೌಟರಿಗೆ ಬರುವ ಲ್ಯಾನ್ ಕೇಬಲ್ಲುಗಳನ್ನೂ ಬಿಡಿಸಿ. ಅಂಗಳದ ಕ್ಯಾಮೆರಾ ವೈರಿಗೆ ಬಂದ ವಿದ್ಯುತ್ತು ಡಬ್ಬಿ ದಾಟಿ ರೌಟರ್ ಸುಡುವುದು ಅಪರೂಪವೇನಲ್ಲ. ಗುಡುಗು ತಲೆ ಮೇಲೇ ಬಂದಿದ್ದರೆ ಮಾತ್ರ ವೈರ್ ಮುಟ್ಟಲು ಹೋಗಬೇಡಿ. ರೌಟರ್ ಹೋದರೆ ಹೋಗಲಿ.

ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಏರಿದಾಗ ತಡೆಯುವ ಬಾಕ್ಸ್) ಹಾಕಿ, ಒಳ್ಳೆಯದು. ಆದರೆ ಅರ್ಥಿಂಗ್ ಸರಿ ಇಲ್ಲದಿದ್ದರೆ ಅದು ಹೆಚ್ಚುಕಮ್ಮಿ ಬರೀ ಎಕ್ಸ್‌ಟೆನ್ಶನ್ ಬಾಕ್ಸ್. ಹಳೇ ಮನೆಗಳಲ್ಲಿ ಮೂರನೇ ಪಿನ್ನಿಗೆ ವೈರೇ ಇರುವುದಿಲ್ಲ. ಬೇಸಿಗೆಯಲ್ಲಿ ಜಂಬಿಟ್ಟಿಗೆ ನೆಲ ಒಣಗಿ ಅರ್ಥ್ ಗುಂಡಿ ಕೆಲಸ ಮಾಡುವುದು ಕಡಿಮೆಯಾಗುತ್ತದೆ. ಮಾರ್ಚಿಯಿಂದ ಆಗಾಗ ಅದಕ್ಕೆ ನಾಲ್ಕು ಕೊಡ ನೀರು ಹಾಕಿ.

ಕರೆಂಟ್ ಹೋದರೆ ನೆಟ್ಟೂ ಹೋಗುತ್ತದೆ. ಏನು ಮಾಡಬೇಕು?

ಮನೆಯಲ್ಲಿ ಇನ್ವರ್ಟರ್ ಇದ್ದರೆ ಆ ಲೈನಿನ ಪ್ಲಗ್ಗಿಗೆ ಹಾಕಿ. ಇಲ್ಲದವರಿಗೆ ರೌಟರಿಗೆಂದೇ ಮಾಡಿದ ಮಿನಿ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ಅಡಾಪ್ಟರ್ ಮೇಲೆ ಬರೆದದ್ದು ಓದಿ. 12 ವೋಲ್ಟ್, 1 ಆಂಪ್ ಎಂದೋ 2 ಆಂಪ್ ಎಂದೋ ಇರುತ್ತದೆ. ವೋಲ್ಟ್ ಸರಿಯಾಗಿ ಹೊಂದಬೇಕು, ಆಂಪ್ ಅಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. 9 ವೋಲ್ಟಿನ ರೌಟರಿಗೆ 12 ಕೊಟ್ಟರೆ ಸಿಡಿಲು ಬೇಕಾಗಿಯೇ ಇಲ್ಲ.

ಎಷ್ಟು ಹೊತ್ತು ಬರುತ್ತದೆ? ರೌಟರ್ ಸುಮಾರು 10 ವಾಟ್ ತಿನ್ನುತ್ತದೆ ಅಂದುಕೊಳ್ಳಿ. ಬ್ಯಾಟರಿ 30 ವಾಟ್ ಅವರ್ ಇದ್ದರೆ ಲೆಕ್ಕದಲ್ಲಿ 3 ಗಂಟೆ, ನಿಜದಲ್ಲಿ ಸ್ವಲ್ಪ ಕಡಿಮೆ. ಎಂಎಎಚ್ ಅಂಕಿ ದೊಡ್ಡದಾಗಿ ಬರೆದಿರುತ್ತಾರೆ, ಅದಕ್ಕೆ ಮರುಳಾಗಬೇಡಿ. ವಾಟ್ ಅವರ್ ಎಷ್ಟು ಎಂದು ಕೇಳಿ.

ನಿಮ್ಮಲ್ಲಿ ಬ್ಯಾಟರಿ ಇದ್ದರೂ ನೆಟ್ ಹೋಗಬಹುದು. ಪೇಟೆಯಲ್ಲೋ ಎಕ್ಸ್‌ಚೇಂಜಿನಲ್ಲೋ ಇರುವ ಅವರ ಯಂತ್ರದ ಬ್ಯಾಟರಿ ಮುಗಿದರೆ ನಿಮ್ಮ ಪೆಟ್ಟಿಗೆಯಲ್ಲೂ ಕೆಂಪು ದೀಪವೇ. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ಲದ ಕಡೆ ಇದು ಮಾಮೂಲು.

ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಒಟಿಪಿಗೆ ಗುಡ್ಡ ಹತ್ತಬೇಕಾ?

ಬಹುಶಃ ಬೇಡ. ಫೋನಿನ ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ನಮ್ಮ ದೇಶದಲ್ಲಿ ಈ ಸೌಲಭ್ಯ 2019ರ ಕೊನೆಯಿಂದ ಬರತೊಡಗಿತು. ಫೋನೂ ಸಿಮ್ ಕಂಪನಿಯೂ ಎರಡೂ ಒಪ್ಪಿದರೆ ಮಾಮೂಲಿ ಕರೆ ರೌಟರಿನ ಮೂಲಕವೇ ಬರುತ್ತದೆ. ಸಾಮಾನ್ಯವಾಗಿ ಬ್ಯಾಂಕಿನ ಒಟಿಪಿಯೂ ಬರುತ್ತದೆ. ಮಲೆನಾಡಿನವರಿಗೆ ಫೈಬರಿನಿಂದ ಆದ ದೊಡ್ಡ ಉಪಕಾರ ಇದೇ ಎಂದು ನನ್ನ ಅಭಿಪ್ರಾಯ. ವಾಟ್ಸಾಪ್ ಬೇಡದ ಅಜ್ಜನಿಗೂ ಮಗಳ ಫೋನ್ ಬರುತ್ತದೆ.

ಒಂದು ಎಚ್ಚರ: ಕರೆಂಟ್ ಹೋಗಿ ರೌಟರ್ ಆರಿದರೆ ಫೋನೂ ಆರಿದ ಹಾಗೆ. ಹಳೆಯ ತಾಮ್ರದ ಲ್ಯಾಂಡ್‌ಲೈನಿಗೆ ವಿದ್ಯುತ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು, ಈಗಿನದು ಹಾಗಲ್ಲ. ಹುಷಾರಿಲ್ಲದವರು, ವಯಸ್ಸಾದವರು ಇರುವ ಮನೆಯಲ್ಲಿ ಮಿನಿ ಯುಪಿಎಸ್ ಐಷಾರಾಮಿ ಅಲ್ಲ.

ಮಳೆಗಾಲದಲ್ಲಿ ತೇವ, ಇರುವೆ, ಹಲ್ಲಿ. ರೌಟರಿಗೆ ಏನಾದರೂ ಆಗುತ್ತಾ?

ಆಗುತ್ತದೆ. ಬೆಚ್ಚಗಿರುವ ಪೆಟ್ಟಿಗೆ ಎಂದರೆ ಇರುವೆಗೆ ಬಲು ಇಷ್ಟ. ಖಾಲಿ ಲ್ಯಾನ್ ಕಿಂಡಿಗಳಿಗೆ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಗಾಳಿಯಾಡುವ ತೂತುಗಳನ್ನು ಮಾತ್ರ ಮುಚ್ಚಬೇಡಿ. ತಿಂಗಳಿಗೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ. ಒಳಗೆ ಕೀಟನಾಶಕ ಸ್ಪ್ರೇ ಹೊಡೆಯಬೇಡಿ.

ಗುಡುಗಿಲ್ಲದ ದಿನ ರಾತ್ರಿಯೂ ಆನ್ ಇರಲಿ. ಅದರ ಸ್ವಂತ ಬಿಸಿಯೇ ಒಳಗೆ ತೇವ ಕೂರದಂತೆ ನೋಡಿಕೊಳ್ಳುತ್ತದೆ. 10 ವಾಟ್ ಲೆಕ್ಕದಲ್ಲಿ ತಿಂಗಳಿಗೆ 7 ಯೂನಿಟ್ ಸುಮಾರು, ಅಷ್ಟೇ.

100 ಎಂಬಿಪಿಎಸ್ ಪ್ಲಾನ್, ಫೋನಿನಲ್ಲಿ 35 ಬರುತ್ತಿದೆ. ಮೋಸವಾ?

ಮೊದಲು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ಲಿನಿಂದ ರೌಟರಿಗೆ ಜೋಡಿಸಿ ಅಳೆಯಿರಿ. ಅಲ್ಲಿ 90ರ ಮೇಲೆ ಬಂದರೆ ಕಂಪನಿ ಕೊಡಬೇಕಾದ್ದು ಕೊಟ್ಟಿದೆ, ಕೊರತೆ ನಿಮ್ಮ ವೈಫೈಯಲ್ಲಿದೆ. 2.4ರಲ್ಲಿ ಗೋಡೆಯಾಚೆ 35 ಬಂದರೆ ಅದು ಕೆಟ್ಟದ್ದೇನಲ್ಲ. ಇನ್ನೊಂದು ಗೊಂದಲ: ಡೌನ್‌ಲೋಡ್ ಆಗುವಾಗ ಕಾಣುವುದು ಮೆಗಾಬೈಟ್, ಪ್ಲಾನಿನದ್ದು ಮೆಗಾಬಿಟ್. ಎಂಟರಿಂದ ಭಾಗಿಸಿ. 100ಕ್ಕೆ 12.5 ಬಂದರೆ ಪೂರ್ತಿ ಬಂದಂತೆ. ಮನೆಯಿಂದ ಕೆಲಸ ಮಾಡುವವರು ಅಪ್‌ಲೋಡ್ ವೇಗವನ್ನೂ ನೋಡಿ. ಮೀಟಿಂಗಿನಲ್ಲಿ ನಿಮ್ಮ ಮಾತು ತುಂಡಾಗುವುದು ಅಲ್ಲಿಂದ.

ಫರ್ಮ್‌ವೇರ್ ಅಪ್‌ಡೇಟ್ ಮಾಡಬೇಕಾ?

ಮಾಡಬೇಕು. ಫರ್ಮ್‌ವೇರ್ ಅಂದರೆ ರೌಟರನ್ನು ನಡೆಸುವ ಸಾಫ್ಟ್‌ವೇರ್, ಭದ್ರತೆಯ ತೂತು ಮುಚ್ಚುವುದು ಅದರ ಅಪ್‌ಡೇಟೇ. ಸ್ವಂತ ರೌಟರ್ ಆದರೆ ಎರಡು ಮೂರು ತಿಂಗಳಿಗೊಮ್ಮೆ ನೋಡಿ. ಕಂಪನಿಯ ಒಎನ್‌ಟಿಗೆ ಅವರೇ ಕಳಿಸುತ್ತಾರೆ. ಮಳೆ ಗಾಳಿ ಇರುವ ದಿನ, ಬ್ಯಾಟರಿ ಇಲ್ಲದೆ ಮಾತ್ರ ಮಾಡಬೇಡಿ. ನಡುವೆ ಕರೆಂಟ್ ಹೋದರೆ ರೌಟರ್ ಮತ್ತೆ ಏಳದೇ ಹೋಗಬಹುದು.

ತೋಟದ ಕ್ಯಾಮೆರಾವನ್ನು ಬೆಂಗಳೂರಿನಿಂದ ನೋಡಲು ಪೋರ್ಟ್ ಫಾರ್ವರ್ಡಿಂಗ್ ಮಾಡಲಾ?

ಬೇಡ. ಹೊರಗಿನಿಂದ ಒಳಗೆ ಬರಲು ರೌಟರಿನಲ್ಲಿ ಒಂದು ಬಾಗಿಲು ತೆರೆದಿಡುವುದೇ ಪೋರ್ಟ್ ಫಾರ್ವರ್ಡಿಂಗ್. ಬಹಳಷ್ಟು ಕನೆಕ್ಷನ್‌ಗಳಲ್ಲಿ ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ನೂರಾರು ಮನೆಗಳಿಗೆ ಹಂಚಿರುತ್ತಾರೆ, ಹಾಗಾಗಿ ಅದು ಕೆಲಸವೂ ಮಾಡದು. ಕ್ಯಾಮೆರಾದ ಆ್ಯಪ್ ಬಳಸಿ, ಅದರ ಮೂಲ ಪಾಸ್‌ವರ್ಡ್ ಬದಲಿಸಿ.

ವೈಫೈಯಿಂದ ಆರೋಗ್ಯಕ್ಕೆ ತೊಂದರೆ ಇದೆಯಾ?

ರೌಟರ್ ಹೊರಡಿಸುವ ಶಕ್ತಿ ಸಾಮಾನ್ಯವಾಗಿ ಒಂದು ವಾಟಿನ ಹತ್ತನೇ ಒಂದು ಭಾಗದ ಆಸುಪಾಸು. ಇಂಥ ದುರ್ಬಲ ಅಲೆಗಳಿಂದ ಹಾನಿ ಎನ್ನಲು ಒಪ್ಪುವಂಥ ಪುರಾವೆ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೇಳಿದೆ. ಅಡಿಕೆ ಕೊಳೆ ರೋಗಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದಕ್ಕೆ ಬೋರ್ಡೋ ಹೊಡೆಯಿರಿ.

ನಮ್ಮೂರಿಗೆ ಫೈಬರ್ ಬಂದಿಲ್ಲ. ಸಿಮ್ ಹಾಕುವ ರೌಟರ್ ಆಗುತ್ತಾ?

ಎಲ್ಲಾದರೂ ಒಂದು ಕಡ್ಡಿ ಸಿಗ್ನಲ್ ಸಿಗುವ ಜಾಗ ಇದ್ದರೆ ಆಗುತ್ತದೆ. ಹೊರಗಿನ ಆಂಟೆನಾ ಜೋಡಿಸಲು ಬರುವ ರೌಟರ್ ಕೊಳ್ಳಿ. ಆಂಟೆನಾವನ್ನು ಸೂರಿನ ಮೇಲೆ ಟವರ್ ಕಡೆ ತಿರುಗಿಸಿ. ಗುಡ್ಡ ಅಡ್ಡ ಇದ್ದರೆ ಕಷ್ಟ. ಕೊಳ್ಳುವ ಮೊದಲು ಅದೇ ಕಂಪನಿಯ ಸಿಮ್ ಇರುವ ಫೋನನ್ನು ಅದೇ ಜಾಗದಲ್ಲಿ ಸಂಜೆ ಹೊತ್ತು ಇಟ್ಟು ನೋಡಿ. ಬೆಳಗ್ಗೆ ಬರುವ ವೇಗ ನಂಬಬೇಡಿ. ಇದಕ್ಕೂ ಗುಡುಗಿನ ನಿಯಮವೇ: ಆಂಟೆನಾ ವೈರನ್ನೂ ಬಿಚ್ಚಿಡಬೇಕು.

ದೂರು ಕೊಡುವಾಗ ಏನು ಹೇಳಬೇಕು?

‘ನೆಟ್ ಬರ್ತಾ ಇಲ್ಲ’ ಎಂದಷ್ಟೇ ಹೇಳಿದರೆ ಅವರು ಆಫ್ ಆನ್ ಮಾಡಿ ಅನ್ನುತ್ತಾರೆ. ಯಾವ ದೀಪ ಯಾವ ಬಣ್ಣ, ಎಷ್ಟು ಹೊತ್ತಿಂದ, ಪಕ್ಕದ ಮನೆಯವರದ್ದು ಇದೆಯೋ ಇಲ್ಲವೋ ಹೇಳಿ. ರೌಟರಿನ ಪುಟದಲ್ಲಿ ಆಪ್ಟಿಕಲ್ ಪವರ್ (ಒಳಬರುವ ಬೆಳಕಿನ ಬಲ) ಎಂಬ ಅಂಕಿ ಇದ್ದರೆ ಅದನ್ನೂ ಓದಿ ಹೇಳಿ. ಮೈನಸ್ 15ರಿಂದ ಮೈನಸ್ 25 ಒಳಗಿದ್ದರೆ ಸರಿ. ಮೈನಸ್ 27 ದಾಟಿದರೆ ಎಲ್ಲೋ ಬೆಳಕು ಸೋರುತ್ತಿದೆ. ಚೆನ್ನಾಗಿರುವ ದಿನವೇ ಆ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ, ಕನೆಕ್ಷನ್ ನಂಬರಿನ ಜೊತೆಗೆ. ಮರ ಬಿದ್ದ ಜಾಗ ನಿಮಗೇ ಗೊತ್ತಿದ್ದರೆ ಫೋಟೋ ತೆಗೆದು ಲೈನ್‌ಮ್ಯಾನ್‌ಗೆ ಕಳಿಸಿ. ಮಳೆಯಲ್ಲಿ ಕಂಬದಿಂದ ಕಂಬಕ್ಕೆ ಹುಡುಕಿಕೊಂಡು ನಡೆಯುವುದು ಅವರಿಗೆ ತಪ್ಪುತ್ತದೆ. ಆ ಕೇಬಲ್ ಪಕ್ಕ ಕರೆಂಟ್ ತಂತಿಯೂ ಬಿದ್ದಿದ್ದರೆ ಹತ್ತಿರ ಹೋಗದೆ, ಮೊದಲು ವಿದ್ಯುತ್ ದೂರಿನ ನಂಬರಾದ 1912ಕ್ಕೆ ಫೋನ್ ಮಾಡಿ.